ನಂಬರ್ ಎಲ್ಲಿಂದ ಸಿಕ್ಕಿತು? ವಾಟ್ಸಾಪ್‌ನ ನಕಲಿ ಕಸ್ಟಮರ್ ಕೇರ್‌ಗೆ ಸಿಕ್ಕಿಬೀಳದಿರಲು

ಗೊತ್ತಿಲ್ಲದ ನಂಬರಿಂದ ಫೋನ್ ಬಂದರೆ ಎತ್ತಬೇಡಿ ಎಂದು ಈಗ ಮನೆಮನೆಯಲ್ಲೂ ಹೇಳುತ್ತಾರೆ. ಮಾತು ಸರಿಯೇ. ಆದರೆ ನಕಲಿ ಕಸ್ಟಮರ್ ಕೇರ್ ಮೋಸದಲ್ಲಿ ಮೊದಲ ಫೋನ್ ಮಾಡುವವರು ಬಹಳ ಸಲ ನಾವೇ. ನಾವೇ ಹುಡುಕಿ, ನಾವೇ ಡಯಲ್ ಮಾಡಿದ್ದರಿಂದ ಆ ಕಡೆಯವನ ಮೇಲೆ ಅನುಮಾನ ಹುಟ್ಟುವುದಿಲ್ಲ. ಮೋಸದ ಬೇರು ಇರುವುದು ಅಲ್ಲೇ.

ಮೂಡಿಗೆರೆ ಕಡೆಯ ತೋಟಕ್ಕೆ ಆನ್‌ಲೈನಲ್ಲಿ ಕಳೆ ಕೊಚ್ಚುವ ಮಿಷನ್ ತರಿಸಿದ್ದೀರಿ ಅಂದುಕೊಳ್ಳಿ. ವಾರ ಕಳೆದರೂ ಪಾರ್ಸೆಲ್ ಇಲ್ಲ. ಗೂಗಲ್‌ನಲ್ಲಿ ಕೊರಿಯರ್ ಹೆಸರು, ಅದರ ಮುಂದೆ 'ಕಸ್ಟಮರ್ ಕೇರ್ ನಂಬರ್' ಎಂದು ಹಾಕುತ್ತೀರಿ. ಮೇಲೆಯೇ ಒಂದು ಹತ್ತಂಕಿಯ ಮೊಬೈಲ್ ನಂಬರ್. ಫೋನ್ ಮಾಡಿದರೆ ರಿಂಗಾಗಿ ಕಟ್ ಆಗುತ್ತದೆ, ಎರಡೇ ನಿಮಿಷದಲ್ಲಿ ಬೇರೆ ನಂಬರಿಂದ ವಾಪಸ್ ಬರುತ್ತದೆ. 'ಸರ್, ನಿಮ್ಮ ಪಿನ್‌ಕೋಡ್ ತಪ್ಪಾಗಿದೆ. ವಾಟ್ಸಾಪ್‌ಗೆ ಒಂದು ಲಿಂಕ್ ಕಳಿಸ್ತೀನಿ, ಎರಡು ರೂಪಾಯಿ ಕಟ್ಟಿ ಅಪ್‌ಡೇಟ್ ಮಾಡಿ. ಫೋನ್ ಮಾತ್ರ ಇಡಬೇಡಿ.'

ಎರಡು ರೂಪಾಯಿ ಅವನಿಗೆ ಬೇಕಿಲ್ಲ. ಆ ಲಿಂಕಿನ ಪುಟದಲ್ಲಿ ನೀವು ತುಂಬುವ ಕಾರ್ಡಿನ 16 ಅಂಕಿ, ಅವಧಿ, ಸಿವಿವಿ (ಕಾರ್ಡಿನ ಹಿಂದಿನ ಗುಟ್ಟಿನ ಅಂಕಿ) ಬೇಕು. ಇಲ್ಲವೇ ಆ ಲಿಂಕಿನಿಂದ ಫೋನಿಗೆ ಇಳಿಯುವ ಆಪ್ ಬೇಕು. ಮಾತು ಫೋನಿನಿಂದ ವಾಟ್ಸಾಪ್‌ಗೆ ಜಾರುವುದೂ ಸುಮ್ಮನೆ ಅಲ್ಲ. ಬ್ಯಾಂಕು, ಕಂಪನಿಗಳು ಎಸ್ಸೆಮ್ಮೆಸ್ ಕಳಿಸಬೇಕಾದರೆ ಟೆಲಿಕಾಂ ಕಂಪನಿಯಲ್ಲಿ ಹೆಸರು ನೋಂದಾಯಿಸಿರಬೇಕು. ವಾಟ್ಸಾಪ್‌ನಲ್ಲಿ ಯಾರು ಬೇಕಾದರೂ ಯಾವ ಲೋಗೋ ಬೇಕಾದರೂ ಹಾಕಿಕೊಂಡು ಕೂರಬಹುದು. ಫೈಲ್ ಕಳಿಸಬಹುದು, ವಿಡಿಯೋ ಕಾಲ್‌ನಲ್ಲಿ ನಿಮ್ಮ ಸ್ಕ್ರೀನ್ ನೋಡಬಹುದು.

ಸುಳ್ಳು ನಂಬರ್ ಮೇಲೆ ಬರುವುದು ಹೇಗೆ

ಗೂಗಲ್ ತೋರಿಸಿತು ಎಂದ ಮಾತ್ರಕ್ಕೆ ಗೂಗಲ್ ಪರಿಶೀಲಿಸಿದೆ ಎಂದಲ್ಲ. ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಎಲ್ಲಕ್ಕಿಂತ ಮೇಲೆ ಬರುತ್ತದೆ, ಪಕ್ಕದಲ್ಲಿ 'ಸ್ಪಾನ್ಸರ್ಡ್' ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಮ್ಯಾಪ್ಸ್‌ನಲ್ಲಿ ಬ್ಯಾಂಕಿನ ಶಾಖೆಯ ನಂಬರನ್ನು ಬದಲಿಸಲು ಹೊರಗಿನವರೂ ತಿದ್ದುಪಡಿ ಸೂಚಿಸಬಹುದು. ಕೆಲವು ಸಲ ಸುಳ್ಳು ತಿದ್ದುಪಡಿಯೂ ದಾಟಿಬಿಡುತ್ತದೆ. ಪ್ರಶ್ನೋತ್ತರದ ಸೈಟುಗಳಲ್ಲಿ, ಯಾರೋ ಏರಿಸಿದ ಪಿಡಿಎಫ್‌ಗಳಲ್ಲಿ, ಯೂಟ್ಯೂಬ್ ವಿಡಿಯೋದ ಕೆಳಗೆ ಇದೇ ನಂಬರುಗಳನ್ನು ಬಿತ್ತಿರುತ್ತಾರೆ.

ಇನ್ನೊಂದು ದಾರಿ ನಾವೇ ತೆರೆದುಕೊಡುವುದು. ಕಂಪನಿಯ ಫೇಸ್‌ಬುಕ್ ಪುಟದಲ್ಲಿ ಅಥವಾ ಎಕ್ಸ್‌ನಲ್ಲಿ 'ದುಡ್ಡು ಕಟ್ ಆಗಿದೆ, ಟಿಕೆಟ್ ಬಂದಿಲ್ಲ, ನನ್ನ ನಂಬರ್ ಇದು' ಎಂದು ಬರೆದರೆ, ಕಂಪನಿ ಉತ್ತರಿಸುವ ಮೊದಲೇ ಅದೇ ಲೋಗೋ ಹಾಕಿಕೊಂಡ ಬೇರೊಂದು ಖಾತೆ ಉತ್ತರಿಸುತ್ತದೆ. ದೂರನ್ನು ಬಹಿರಂಗವಾಗಿ ಬರೆಯಿರಿ, ತಪ್ಪಿಲ್ಲ. ಫೋನ್ ನಂಬರ್, ಆರ್ಡರ್ ನಂಬರ್, ಟಿಕೆಟ್ ಫೋಟೋ ಮಾತ್ರ ಹಾಕಬೇಡಿ.

ಹಾಸನ, ಚಿಕ್ಕಮಗಳೂರು ಈ ನಮ್ಮ ಎರಡು ಜಿಲ್ಲೆಗಳಲ್ಲಿ ವಿಶೇಷವಾಗಿ ನೋಡಬೇಕಾದ ಒಂದು ವಿಷಯವಿದೆ. ಹಿರಿಯರ ಬಾಯಲ್ಲಿ ಹಳೆಯ ಬ್ಯಾಂಕುಗಳ ಹೆಸರು ಇನ್ನೂ ಹೋಗಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ ಹೋಯಿತು. 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೂ ಸೇರಿದವು. 'ಸಿಂಡಿಕೇಟ್ ಬ್ಯಾಂಕ್ ಕಸ್ಟಮರ್ ಕೇರ್' ಎಂದು ಇವತ್ತು ಹುಡುಕಿದರೆ ಆ ಹೆಸರಿನಲ್ಲಿ ಫೋನ್ ಎತ್ತುವ ಬ್ಯಾಂಕೇ ಇಲ್ಲ. ಎತ್ತಿದವನು ಆ ಹೆಸರು ಹೇಳಿಕೊಂಡರೆ ಅವನು ಯಾರೆಂದು ಬೇರೆ ಹೇಳಬೇಕಿಲ್ಲ. ಅಪ್ಪ ಅಮ್ಮನ ಪಾಸ್‌ಬುಕ್ ಹಳೆಯದಿದ್ದರೆ ಶಾಖೆಗೆ ಹೋಗಿ ಹೊಸದು ಮಾಡಿಸಿ, ಈಗಿನ ಹೆಸರನ್ನು ಫೋನಿನಲ್ಲೂ ಸೇವ್ ಮಾಡಿಕೊಡಿ.

ಸರಿಯಾದ ನಂಬರನ್ನು ಮೊದಲೇ ಬರೆದಿಡಿ

ಸಮಸ್ಯೆ ಬಂದಾಗ ಹುಡುಕಲು ಹೊರಟರೆ ಕಣ್ಣಿಗೆ ಮೊದಲು ಬಿದ್ದದ್ದೇ ಕೈಗೆ ಸಿಗುತ್ತದೆ. ಯಾವ ತಾಪತ್ರಯವೂ ಇಲ್ಲದ ದಿನ ಅರ್ಧ ಗಂಟೆ ಕೂತು, ಗ್ಯಾಸ್ ಪುಸ್ತಕದ ಹಿಂದೆಯೋ ಕ್ಯಾಲೆಂಡರಿನ ಮೇಲೋ ಬರೆದು ತೂಗುಹಾಕಿ.

ಬ್ಯಾಂಕಿನದು ಡೆಬಿಟ್ ಕಾರ್ಡಿನ ಹಿಂಭಾಗದಲ್ಲಿ ಅಥವಾ ಪಾಸ್‌ಬುಕ್ಕಿನಲ್ಲಿ ಇರುತ್ತದೆ. ಸಾಮಾನ್ಯವಾಗಿ 1800ರಿಂದ ಶುರುವಾಗುವ ಟೋಲ್‌ಫ್ರೀ ನಂಬರ್. ಎಸ್‌ಬಿಐನದು 1800 1234, ಕೆನರಾದ್ದು 1800 1030. ವೆಬ್‌ಸೈಟ್ ನೋಡುವುದಾದರೆ ವಿಳಾಸದ ಕೊನೆ ನೋಡಿ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ಆರ್‌ಬಿಐ ಆದೇಶಿಸಿತ್ತು. ಈ ಕೊನೆಯನ್ನು ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ.

ಕರೆಂಟಿಗೆ 1912. ಇಲ್ಲೊಂದು ಸುಲಭದ ಪರೀಕ್ಷೆಯೂ ಇದೆ. ಹಾಸನ ಜಿಲ್ಲೆಗೆ ವಿದ್ಯುತ್ ಕೊಡುವುದು ಮೈಸೂರಿನ ಸೆಸ್ಕ್, ಚಿಕ್ಕಮಗಳೂರಿಗೆ ಮಂಗಳೂರಿನ ಮೆಸ್ಕಾಂ. 'ಇವತ್ತು ರಾತ್ರಿ 9.30ಕ್ಕೆ ನಿಮ್ಮ ಮನೆ ಕರೆಂಟ್ ಕಟ್' ಎಂದು ಬೆಸ್ಕಾಂ ಹೆಸರಲ್ಲಿ ಸಂದೇಶ ಬಂದರೆ, ಕಳಿಸಿದವನಿಗೆ ನೀವು ಯಾವ ಊರಲ್ಲಿದ್ದೀರಿ ಎಂಬುದೇ ಗೊತ್ತಿಲ್ಲ. ಹೆಸರು ಸರಿಯಿದ್ದರೂ ಹೆದರಬೇಡಿ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಪ್ರಕಾರ ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು 15 ಪೂರ್ಣ ದಿನಗಳ ಲಿಖಿತ ನೋಟಿಸ್ ಕೊಡಬೇಕು. ಅದಕ್ಕೂ ಮಿಗಿಲಾಗಿ, ನಿಮ್ಮೂರಿನ ಲೈನ್‌ಮ್ಯಾನ್ ಯಾರೆಂದು ನಿಮಗೆ ಗೊತ್ತೇ ಇರುತ್ತದೆ. ಅವರನ್ನೇ ಕೇಳಿ.

ಉಳಿದವು: ಮೊಬೈಲ್ ಸಿಮ್ ದೂರಿಗೆ ಆಯಾ ಸಿಮ್‌ನಿಂದಲೇ 198, ಗ್ಯಾಸ್ ಸೋರಿಕೆಗೆ 1906, ಆಧಾರ್‌ಗೆ 1947, ರೈಲಿಗೆ 139. ಶಾಂತಿಗ್ರಾಮದ ಟೋಲ್‌ನಲ್ಲಿ ಫಾಸ್ಟ್ಯಾಗ್ ತಕರಾರಾದರೆ ಹೆದ್ದಾರಿಯ ಸಹಾಯವಾಣಿ 1033. ಅಂಗಡಿ, ಕಂಪನಿಗಳ ಮೇಲಿನ ಗ್ರಾಹಕ ದೂರಿಗೆ 1915. ಆನ್‌ಲೈನ್ ಅಂಗಡಿ, ಯುಪಿಐ ಆಪ್‌ಗಳದ್ದಾದರೆ ನಂಬರ್ ಹುಡುಕಲೇಬೇಡಿ, ಆಪ್‌ನೊಳಗಿನ 'ಹೆಲ್ಪ್'ಗೆ ಹೋಗಿ. ಎಷ್ಟೋ ಕಂಪನಿಗಳಿಗೆ ಗ್ರಾಹಕರು ಫೋನ್ ಮಾಡುವ ನಂಬರೇ ಇರುವುದಿಲ್ಲ, ಆ ಖಾಲಿ ಜಾಗವನ್ನೇ ಮೋಸಗಾರರು ತುಂಬುವುದು.

ಬ್ಯಾಂಕು, ವಿಮಾ ಕಂಪನಿಗಳು ಗ್ರಾಹಕರಿಗೆ ಸೇವೆಯ ಕರೆ ಮಾಡಲು 1600ರಿಂದ ಶುರುವಾಗುವ ನಂಬರುಗಳನ್ನು ಮೀಸಲಿಟ್ಟಿದ್ದಾರೆ. ಇದು ಗುರುತಿಗೆ ಒಳ್ಳೆಯದು. ಆದರೆ ಕರೆ ಬಂದ ಕೂಡಲೇ ಒಟಿಪಿ ಹೇಳಲು ಅದೂ ಪರವಾನಗಿ ಅಲ್ಲ. ಇಟ್ಟುಬಿಟ್ಟು, ಬರೆದಿಟ್ಟ ನಂಬರಿಗೆ ನೀವೇ ಮಾಡಿ.

ಚಾಟ್‌ನಲ್ಲಿ ಏನು ನೋಡಬೇಕು

ಮೊದಲು ಟಿಕ್. ವಾಟ್ಸಾಪ್ ಪರಿಶೀಲಿಸಿದ ವ್ಯಾಪಾರಿ ಖಾತೆಗೆ ಹೆಸರಿನ ಪಕ್ಕದಲ್ಲಿ ನೀಲಿ ಟಿಕ್ ಇರುತ್ತದೆ. ಟಿಕ್ ಇರುವುದು ದುಂಡಗಿನ ಫೋಟೋದ ಒಳಗಾದರೆ ಅದನ್ನು ಫೋಟೋದ ಜೊತೆಗೇ ಬರೆದು ಹಾಕಿದ್ದಾರೆ. 'ಬಿಸಿನೆಸ್ ಅಕೌಂಟ್' ಎಂಬ ಬರಹಕ್ಕಂತೂ ಬೆಲೆ ಕೊಡಬೇಡಿ, ಬಿಸಿನೆಸ್ ಆಪ್ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಐಡಿ ಕಾರ್ಡ್ ಕಳಿಸಿದರೆ ಅನುಮಾನ ಇಮ್ಮಡಿಯಾಗಲಿ. ನಿಜವಾದ ಕಸ್ಟಮರ್ ಕೇರ್ ಸಿಬ್ಬಂದಿ ತಮ್ಮ ಐಡಿ ಕಾರ್ಡ್ ಗ್ರಾಹಕರಿಗೆ ಕಳಿಸುತ್ತಾ ಕೂರುವುದಿಲ್ಲ. +91 ಬಿಟ್ಟು ಬೇರೆ ಸಂಖ್ಯೆಯಿಂದ ಶುರುವಾದರೆ ಓದದೇ ಬ್ಲಾಕ್ ಮಾಡಿ. ಆದರೆ +91 ಇದ್ದರೆ ಅಸಲಿ ಎಂದೂ ಅಲ್ಲ. ಬೇರೆಯವರ ಹೆಸರಲ್ಲಿ ತೆಗೆದ ಸಿಮ್ ಬೇಕಾದಷ್ಟು ಓಡಾಡುತ್ತಿವೆ. ಹಿಂದಿ ಬೆರೆತ ಇಂಗ್ಲಿಷ್ ಆಡಿದರೆ ಮಾತ್ರ ಮೋಸ ಎಂದುಕೊಂಡವರು ಈಗ ಎಚ್ಚರವಾಗಬೇಕು, ಅಚ್ಚ ಕನ್ನಡದಲ್ಲೂ ಮಾತಾಡುತ್ತಾರೆ.

ಟೆಲಿಗ್ರಾಂನಲ್ಲಿ ಆಟ ಸ್ವಲ್ಪ ಬೇರೆ. ಅಲ್ಲಿ ಸಾಮಾನ್ಯವಾಗಿ ಫೋನ್ ನಂಬರ್ ಕಾಣಿಸುವುದಿಲ್ಲ. ಗುಂಪಿನಲ್ಲಿ ನೀವು ಪ್ರಶ್ನೆ ಕೇಳಿದ ಕೂಡಲೇ ಅಡ್ಮಿನ್ ಹೆಸರೂ ಫೋಟೋವೂ ಇರುವ ಒಬ್ಬ ಖಾಸಗಿಯಾಗಿ ಬರುತ್ತಾನೆ. ಹೆಸರನ್ನಲ್ಲ, ಯೂಸರ್‌ನೇಮ್ ಅನ್ನು ಅಕ್ಷರ ಅಕ್ಷರವಾಗಿ ಗುಂಪಿನ ಅಡ್ಮಿನ್ ಪಟ್ಟಿಯ ಜೊತೆ ಹೋಲಿಸಿ. ಇಂಗ್ಲಿಷಿನ ದೊಡ್ಡ 'ಐ' ಮತ್ತು ಚಿಕ್ಕ 'ಎಲ್' ಫೋನಿನಲ್ಲಿ ಒಂದೇ ಗೀಟಿನಂತೆ ಕಾಣುತ್ತವೆ.

ಇನ್ನು ಅವರು ಮಾಡಿಸುವ ಕೆಲಸಗಳು. ವೇಷ ಏನೇ ಇರಲಿ, ಕೊನೆಗೆ ಈ ಐದರಲ್ಲಿ ಒಂದಕ್ಕೆ ಬಂದೇ ಬರುತ್ತಾರೆ.

ಎಪಿಕೆ ಫೈಲ್. 'ಕಸ್ಟಮರ್ ಸಪೋರ್ಟ್', 'ಪಿಎಂ ಕಿಸಾನ್', 'ಆರ್‌ಟಿಒ ಚಲನ್', ಮದುವೆ ಕರೆಯೋಲೆ ಹೀಗೆ ಹೆಸರು ಯಾವುದಾದರೂ ಇರಬಹುದು, ಕೊನೆಯಲ್ಲಿ 'ಡಾಟ್ ಎಪಿಕೆ' ಇದ್ದರೆ ಅದು ಕಾಗದವಲ್ಲ, ಆಪ್. ಹಾಕಿಕೊಂಡ ಮೇಲೆ ಎಸ್ಸೆಮ್ಮೆಸ್ ಓದಲು, ಆಮೇಲೆ 'ಆಕ್ಸೆಸಿಬಿಲಿಟಿ'ಗೆ ಅನುಮತಿ ಕೇಳುತ್ತದೆ. ಮೊದಲನೆಯದು ಕೊಟ್ಟರೆ ನಿಮ್ಮ ಒಟಿಪಿ ನೀವು ಹೇಳದೆಯೇ ಅವರಿಗೆ ಹೋಗುತ್ತದೆ. ಎರಡನೆಯದು ಕೊಟ್ಟರೆ ಪರದೆಯ ಮೇಲಿನದ್ದನ್ನು ಓದುವುದು, ಗುಂಡಿ ಒತ್ತುವುದು ಎಲ್ಲವೂ ಅವರ ಕೈಗೆ. 'ನಾನು ಯಾರಿಗೂ ಒಟಿಪಿ ಹೇಳಿಲ್ಲ, ಆದರೂ ದುಡ್ಡು ಹೋಯಿತು' ಎನ್ನುವ ಪ್ರಕರಣಗಳ ಹಿಂದೆ ಬಹಳಷ್ಟು ಸಲ ಇದೇ ಇರುತ್ತದೆ.

ಸ್ಕ್ರೀನ್ ಶೇರ್. ಎನಿಡೆಸ್ಕ್, ಟೀಮ್‌ವ್ಯೂವರ್, ರಸ್ಟ್‌ಡೆಸ್ಕ್ ಇವು ಅಸಲಿ ಆಪ್‌ಗಳೇ, ಪ್ಲೇ ಸ್ಟೋರ್‌ನಲ್ಲೇ ಸಿಗುವಂಥವೂ ಇವೆ, ಹಾಗಾಗಿ ಫೋನ್ ಎಚ್ಚರಿಸುವುದಿಲ್ಲ. ಆಪ್ ತೋರಿಸುವ ನಂಬರನ್ನು ಅವನಿಗೆ ಓದಿ ಹೇಳಿದಿರೋ, ಬಾಗಿಲ ಕೀಲಿ ಕೊಟ್ಟ ಹಾಗೆ. ಎನಿಡೆಸ್ಕ್ ಬಗ್ಗೆ ಆರ್‌ಬಿಐ 2019ರಲ್ಲೇ ಎಚ್ಚರಿಸಿತ್ತು. 2023ರಿಂದ ವಾಟ್ಸಾಪ್ ವಿಡಿಯೋ ಕಾಲ್‌ನಲ್ಲೇ ಸ್ಕ್ರೀನ್ ತೋರಿಸುವ ಸೌಲಭ್ಯ ಬಂದಿರುವುದರಿಂದ ಈಗ ಬೇರೆ ಆಪ್ ಕೂಡ ಬೇಕಿಲ್ಲ.

ಯುಪಿಐ ಪಿನ್. ಹಣ ಬರಲು ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ಪಿನ್ ಇರುವುದು ಕಳಿಸಲು, ಬ್ಯಾಲೆನ್ಸ್ ನೋಡಲು. 'ರೀಫಂಡ್ ರಿಕ್ವೆಸ್ಟ್ ಒಪ್ಪಿಕೊಳ್ಳಿ' ಎಂಬ ಹಳೆಯ ಆಟಕ್ಕೆ 2025ರ ಅಕ್ಟೋಬರ್ 1ರಿಂದ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ತಡೆ ಹಾಕಿತು, ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ರಿಕ್ವೆಸ್ಟ್‌ಗಳು ನಿಂತವು. ಅದಕ್ಕೇ ಈಗ ಬೇರೆ ಚಾಲಾಕಿ: 'ಮೊತ್ತದ ಜಾಗದಲ್ಲಿ ನಿಮ್ಮ ದೂರಿನ ಕೋಡ್ ಹಾಕಿ, 48215.' ಅದು ಕೋಡ್ ಅಲ್ಲ, ನಲವತ್ತೆಂಟು ಸಾವಿರದ ಇನ್ನೂರ ಹದಿನೈದು ರೂಪಾಯಿ. ಅಸಲಿ ರೀಫಂಡ್ ದುಡ್ಡು ಹೋದ ಖಾತೆಗೇ ತಾನಾಗಿ ವಾಪಸ್ ಬರುತ್ತದೆ, ನೀವು ಏನನ್ನೂ ಒತ್ತಬೇಕಿಲ್ಲ.

ಕಾಲ್ ಫಾರ್ವರ್ಡ್. *401* ಅಥವಾ *21* ಹಾಕಿ, ಮುಂದೆ ಒಂದು ಮೊಬೈಲ್ ನಂಬರ್ ಸೇರಿಸಿ ಡಯಲ್ ಮಾಡಿ ಎನ್ನುತ್ತಾರೆ. ಮಾಡಿದರೆ ನಿಮ್ಮ ಕರೆಗಳು ಅವರಿಗೆ ತಿರುಗುತ್ತವೆ. ವಾಟ್ಸಾಪ್ ತನ್ನ ಆರಂಕಿಯ ಕೋಡನ್ನು ಕರೆ ಮಾಡಿಯೂ ಹೇಳುತ್ತದಲ್ಲ, ಅದನ್ನು ಕೇಳಿಸಿಕೊಂಡು ನಿಮ್ಮ ವಾಟ್ಸಾಪ್ ಖಾತೆಯನ್ನೇ ಕಿತ್ತುಕೊಳ್ಳುತ್ತಾರೆ. ಇಂಥ ಕೋಡ್‌ಗಳಿಂದ ಕರೆ ತಿರುಗಿಸುವುದನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು. ಆದರೂ ಅನುಮಾನವಿದ್ದರೆ *#21# ಹಾಕಿ ನೋಡಿ, ##002# ಹಾಕಿ ಎಲ್ಲ ಫಾರ್ವರ್ಡ್ ರದ್ದು ಮಾಡಿ.

ಐದನೆಯದು ಕಾರ್ಡಿನ ವಿವರ ಕೇಳುವ ಫಾರ್ಮ್, ಮೇಲೆ ಹೇಳಿಯಾಯಿತು.

ಈ ಐದಕ್ಕೂ ಅಂಟಿಕೊಂಡು ಬರುವ ಮಾತು 'ಫೋನ್ ಇಡಬೇಡಿ'. ನೀವು ಫೋನಿಟ್ಟರೆ ಮಗನಿಗೋ ಮಗಳಿಗೋ ಕೇಳುತ್ತೀರಿ, ಬ್ಯಾಂಕಿನ ಎಸ್ಸೆಮ್ಮೆಸ್ ಓದುತ್ತೀರಿ. ಹಾಗಾಗಿ ಇಡಬೇಡಿ ಎಂದ ಕ್ಷಣವೇ ಇಡಿ.

ಫೋನನ್ನು ಹದಕ್ಕೆ ತನ್ನಿ

ಹಬ್ಬಕ್ಕೆ ಊರಿಗೆ ಬಂದ ಮಕ್ಕಳಿಗೆ ಇದು ಹತ್ತು ನಿಮಿಷದ ಕೆಲಸ. ವಾಟ್ಸಾಪ್ ಸೆಟ್ಟಿಂಗ್ಸ್‌ನ ಅಕೌಂಟ್‌ನಲ್ಲಿ 'ಟೂ ಸ್ಟೆಪ್ ವೆರಿಫಿಕೇಶನ್' ಹಾಕಿ, ಆರಂಕಿಯ ಪಿನ್ ಕೊಡಿ. ಯುಪಿಐ ಪಿನ್ ಅನ್ನೇ ಇಲ್ಲಿಯೂ ಇಡಬೇಡಿ. ಪ್ರೈವಸಿಯಲ್ಲಿ 'ಕಾಲ್ಸ್'ಗೆ ಹೋಗಿ ಅಪರಿಚಿತರ ಕರೆ ಮೌನವಾಗುವಂತೆ ಮಾಡಿ, 'ಗ್ರೂಪ್ಸ್'ನಲ್ಲಿ ಪರಿಚಿತರು ಮಾತ್ರ ಸೇರಿಸುವಂತೆ ಬದಲಿಸಿ. 'ಲಿಂಕ್ಡ್ ಡಿವೈಸಸ್'ನಲ್ಲಿ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಲಾಗ್ ಔಟ್ ಮಾಡಿ. 'ಸ್ಟೋರೇಜ್ ಅಂಡ್ ಡೇಟಾ'ದಲ್ಲಿ ಡಾಕ್ಯುಮೆಂಟ್‌ಗಳು ತಾವಾಗಿ ಡೌನ್‌ಲೋಡ್ ಆಗದಂತೆ ಟಿಕ್ ತೆಗೆಯಿರಿ.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆಪ್ಸ್' ಎಂದು ಹುಡುಕಿ, ವಾಟ್ಸಾಪ್, ಟೆಲಿಗ್ರಾಂ, ಕ್ರೋಮ್, ಫೈಲ್ಸ್ ಎಲ್ಲಕ್ಕೂ ಅನುಮತಿ ತೆಗೆದುಹಾಕಿ. ಇದೊಂದೇ ಮಾಡಿದರೂ ಎಪಿಕೆ ಮೋಸದ ಮುಕ್ಕಾಲು ದಾರಿ ಮುಚ್ಚಿದಂತೆ.

ದುಡ್ಡಿನ ಕಡೆಯಿಂದ: ಕಾಫಿ, ಮೆಣಸು ಮಾರಿದ ದುಡ್ಡು ಬರುವ ಖಾತೆಗೆ ಯುಪಿಐ ಜೋಡಿಸಬೇಡಿ. ಅಂಗಡಿ, ಪೆಟ್ರೋಲ್ ಖರ್ಚಿಗೆ ಬೇರೆ ಸಣ್ಣ ಖಾತೆ ಇಟ್ಟು, ಬೇಕಾದಷ್ಟನ್ನೇ ಅದಕ್ಕೆ ಹಾಕಿಕೊಳ್ಳಿ. ಬ್ಯಾಂಕಿನ ಆಪ್‌ನಲ್ಲಿ ಕಾರ್ಡಿನ ಆನ್‌ಲೈನ್ ಮತ್ತು ವಿದೇಶಿ ಬಳಕೆಯನ್ನು ಆಫ್ ಮಾಡಿಡಬಹುದು, ಬೇಕಾದ ದಿನ ಆನ್ ಮಾಡಿದರಾಯಿತು.

ಚಿಕ್ಕಮಗಳೂರು, ಸಕಲೇಶಪುರ ಕಡೆ ಹೋಮ್‌ಸ್ಟೇ ನಡೆಸುವವರು ಇನ್ನೊಂದನ್ನು ಸೇರಿಸಿಕೊಳ್ಳಬೇಕು. ಮ್ಯಾಪ್ಸ್‌ನಲ್ಲಿ ನಿಮ್ಮ ಹೋಮ್‌ಸ್ಟೇ ಯಾರ ಹೆಸರಲ್ಲೂ ನೋಂದಣಿಯಾಗದೆ ಬಿದ್ದಿದ್ದರೆ ನೀವೇ ಅದನ್ನು ಕ್ಲೇಮ್ ಮಾಡಿ ಪರಿಶೀಲಿಸಿಕೊಳ್ಳಿ, ವಾರಕ್ಕೊಮ್ಮೆ ಅಲ್ಲಿನ ಫೋನ್ ನಂಬರ್ ನಿಮ್ಮದೇ ಇದೆಯಾ ನೋಡಿ. ಬದಲಾಗಿದ್ದರೆ ಅತಿಥಿಗಳ ಅಡ್ವಾನ್ಸ್ ಬೇರೆಯವನಿಗೆ ಹೋಗುತ್ತದೆ, ಬೈಗುಳ ನಿಮಗೆ ಬರುತ್ತದೆ. ಬುಕಿಂಗ್ ಆಪ್‌ನವರೆಂದು ಹೇಳಿಕೊಂಡು 'ನಿಮ್ಮ ಲಿಸ್ಟಿಂಗ್ ತೆಗೆಯುತ್ತೇವೆ, ಒಟಿಪಿ ಹೇಳಿ' ಎಂದು ವಾಟ್ಸಾಪ್‌ನಲ್ಲಿ ಬಂದರೆ, ಒಟಿಪಿ ಹೇಳಬೇಡಿ, ಉತ್ತರವನ್ನು ಆ ಆಪ್‌ನಲ್ಲಿರುವ ನಿಮ್ಮದೇ ಲಾಗಿನ್ ಒಳಗಿಂದ ಕಳಿಸಿ.

ದುಡ್ಡು ಹೋಗಿಯೇಬಿಟ್ಟರೆ

ಅವನಿಗೆ ವಾಪಸ್ ಫೋನ್ ಮಾಡಿ ಬೈಯುತ್ತಾ ಕೂರಬೇಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ನಿಮಿಷಗಳಲ್ಲಿ ಚದುರುತ್ತದೆ, ತಡೆಯಲು ಆಗುವುದು ಮೊದಲ ಗಂಟೆಯಲ್ಲೇ. ಕ್ರಮ ಹೀಗಿರಲಿ:

1. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಆಗಿದೆಯಾ ನೋಡಿ. ಕೆಲವು ಫೋನ್‌ಗಳಲ್ಲಿ ಏರೋಪ್ಲೇನ್ ಮೋಡ್‌ನಲ್ಲೂ ವೈಫೈ ಉಳಿಯುತ್ತದೆ.

2. ಮನೆಯವರ ಅಥವಾ ಪಕ್ಕದವರ ಫೋನಿನಿಂದ ಸೈಬರ್ ಮೋಸದ ಸರ್ಕಾರಿ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ಯಾಂಕ್ ಹೆಸರು, ಖಾತೆ ನಂಬರ್, ಹೋದ ಮೊತ್ತ, ಸಮಯ, ಯುಪಿಐ ಆದರೆ 12 ಅಂಕಿಯ ರೆಫರೆನ್ಸ್ ನಂಬರ್, ಹಣ ಹೋದ ಯುಪಿಐ ಐಡಿ ಎದುರಿಗಿರಲಿ. ಎರಡು ಮೂರು ಸಲ ಹೋಗಿದ್ದರೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಹೇಳಿ.

3. ಬ್ಯಾಂಕಿನ ಟೋಲ್‌ಫ್ರೀಗೆ ಮಾಡಿ ಕಾರ್ಡ್, ಯುಪಿಐ, ನೆಟ್‌ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಲು ಹೇಳಿ. ದೂರಿನ ಸಂಖ್ಯೆ ಮತ್ತು ಸಮಯ ಬರೆದುಕೊಳ್ಳಿ.

4. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ದೂರು ಪೂರ್ತಿ ಮಾಡಿ, ಅಥವಾ ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಇದೆ. ಮಳೆಗಾಲದಲ್ಲಿ ಅಷ್ಟು ದೂರ ಹೋಗಲಾಗದಿದ್ದರೆ ಹತ್ತಿರದ ಠಾಣೆಯಲ್ಲೇ ಕೊಡಿ.

ಮೂರನೆಯದನ್ನು ಕಡೆಗಣಿಸಬೇಡಿ. 2017ರ ಜುಲೈ 6ರ ಆರ್‌ಬಿಐ ಸುತ್ತೋಲೆ ಪ್ರಕಾರ, ಪಿನ್, ಒಟಿಪಿಯಂಥದ್ದನ್ನು ಗ್ರಾಹಕರೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದು, ತಿಳಿಸಿದ ನಂತರದ್ದು ಬ್ಯಾಂಕಿನದ್ದು. ತಪ್ಪು ಗ್ರಾಹಕರದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ನಡುವಿನ ಎಲ್ಲೋ ಆಗಿದ್ದು ಎಂದಾದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟವೇ ಇಲ್ಲ. ಹಾಗಾಗಿ ನೀವು ಎಷ್ಟು ಗಂಟೆಗೆ ತಿಳಿಸಿದಿರಿ ಎಂಬ ದಾಖಲೆ ದುಡ್ಡಿನಷ್ಟೇ ಮುಖ್ಯ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ 14448.

ಚಾಟ್ ಅಳಿಸಬೇಡಿ. ಮೊದಲು ಸ್ಕ್ರೀನ್‌ಶಾಟ್ ತೆಗೆದು, 'ಎಕ್ಸ್‌ಪೋರ್ಟ್ ಚಾಟ್' ಮಾಡಿ, ನಂಬರ್ ಬರೆದಿಟ್ಟು, ಆಮೇಲೆ ರಿಪೋರ್ಟ್ ಮತ್ತು ಬ್ಲಾಕ್. ಎಪಿಕೆ ಹಾಕಿಕೊಂಡಿದ್ದರೆ ಐಕಾನ್ ಕಾಣದಿರಬಹುದು, ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿಯಲ್ಲಿ ಹುಡುಕಿ. 'ಅನ್‌ಇನ್‌ಸ್ಟಾಲ್' ಒತ್ತಲು ಬಿಡದಿದ್ದರೆ ಅದು 'ಡಿವೈಸ್ ಅಡ್ಮಿನ್' ಆಗಿ ಕೂತಿರುತ್ತದೆ, ಮೊದಲು ಅಲ್ಲಿಂದ ಇಳಿಸಿ. ಪಾಸ್‌ವರ್ಡ್, ಪಿನ್ ಎಲ್ಲವನ್ನೂ ಬೇರೆ ಫೋನಿನಿಂದ ಬದಲಿಸಿ. ಫ್ಯಾಕ್ಟರಿ ರಿಸೆಟ್ ಮಾಡುವುದು ಠಾಣೆಯಲ್ಲಿ ಕೇಳಿದ ಮೇಲೆ, ಇಲ್ಲದಿದ್ದರೆ ಸಾಕ್ಷ್ಯವೂ ಹೋಗುತ್ತದೆ. ವಾಟ್ಸಾಪ್ ಖಾತೆಯೇ ಹೋಗಿದ್ದರೆ ನಿಮ್ಮ ನಂಬರ್ ಹಾಕಿ ಮತ್ತೆ ನೋಂದಾಯಿಸಿ, ಕೋಡ್ ಕೊಟ್ಟ ಕೂಡಲೇ ಅವನು ಹೊರಬೀಳುತ್ತಾನೆ. ಅವನು ಪಿನ್ ಹಾಕಿಟ್ಟಿದ್ದರೆ ಒಳಗೆ ಬರಲು ಏಳು ದಿನ ಕಾಯಬೇಕು. ಅಷ್ಟರಲ್ಲಿ ನೆಂಟರಿಗೆಲ್ಲ ಫೋನ್ ಮಾಡಿ, 'ನನ್ನ ಹೆಸರಲ್ಲಿ ದುಡ್ಡು ಕೇಳಿದರೆ ಕೊಡಬೇಡಿ' ಎಂದು ಹೇಳಿ.

ದುಡ್ಡು ಹೋಗದೆ ಬರೀ ಸಂದೇಶ ಬಂದಿದ್ದರೂ ತಿಳಿಸಬಹುದು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಆಪ್‌ನ 'ಚಕ್ಷು' ವಿಭಾಗ ಇರುವುದು ಅದಕ್ಕೇ.

1930ರಲ್ಲಿ ದೂರು ದಾಖಲಾದ ಮೇಲೆ ಹಣ ಯಾವುದಾದರೂ ಖಾತೆಯಲ್ಲಿ ಸಿಕ್ಕರೆ ಅದನ್ನು ಅಲ್ಲೇ ತಡೆಹಿಡಿಯುತ್ತಾರೆ. ವಾಪಸ್ ಬರಲು ನ್ಯಾಯಾಲಯದ ಆದೇಶ ಬೇಕಾಗಬಹುದು, ತಿಂಗಳುಗಳೂ ಹಿಡಿಯಬಹುದು. ಈ ಕಾಯುವ ಹೊತ್ತಿನಲ್ಲೇ ಎರಡನೇ ತಂಡ ಬರುತ್ತದೆ. 'ಸೈಬರ್ ಸೆಲ್‌ನಿಂದ ಮಾತಾಡ್ತಿರೋದು, ನಿಮ್ಮ ಹಣ ಸಿಕ್ಕಿದೆ, ಬಿಡಿಸಲು ಐದು ಸಾವಿರ ಕಟ್ಟಿ' ಎಂದು ವಾಟ್ಸಾಪ್‌ನಲ್ಲಿ ಪೊಲೀಸ್ ಸಮವಸ್ತ್ರದ ಫೋಟೋ ಜೊತೆ. ಒಮ್ಮೆ ಕಳೆದುಕೊಂಡವರ ನಂಬರನ್ನು ಇವರು ಬಿಡುವುದಿಲ್ಲ. ದೂರಿಗೆ, ಹಣ ಬಿಡಿಸುವುದಕ್ಕೆ ಪೊಲೀಸರು ಶುಲ್ಕ ಕೇಳುವುದಿಲ್ಲ. ದೂರು ಕೊಟ್ಟಾಗ ಸಿಕ್ಕ ಸ್ವೀಕೃತಿ ಸಂಖ್ಯೆ ಹಾಕಿ ಪೋರ್ಟಲ್‌ನಲ್ಲೇ ಸ್ಥಿತಿ ನೋಡಿ, ಇಲ್ಲವೇ ಆ ಸಂಖ್ಯೆ ಹಿಡಿದು ದೂರು ಕೊಟ್ಟ ಠಾಣೆಗೇ ಹೋಗಿ ಕೇಳಿ.